ನಾಯಿ ಹಿಡಿಯಿರಿ

ನಮ್ಮ ಜಾವ್ಖಾನಿನಲ್ಲಿ ಗೆರ್‌ನ ಬಾಗಿಲು ತಟ್ಟುವುದಿಲ್ಲ.
ದೂರದಿಂದಲೇ ಕೂಗುತ್ತೇವೆ: ನಾಯಿ ಹಿಡಿಯಿರಿ!
ಅದೇ ನಮಸ್ಕಾರ, ಅದೇ ಬಂದೆವೆಂಬ ಸುದ್ದಿ.
ಹನ್ನೊಂದು ವರ್ಷದಿಂದ ಹೀಗೆ ಕೂಗುವವನು ದಂಬಾ,
ಆಸ್ಪತ್ರೆಯ ಜೀಪಿನ ಚಾಲಕ.
ನನ್ನ ದನಿ ಗಾಳಿಗೆ ಹರಿದುಹೋಗುತ್ತದೆ,
ಅವನ ಕೂಗಿಗೆ ಈಯುತ್ತಿರುವ ಆಡೂ ತಲೆಯೆತ್ತುತ್ತದೆ.

ಮೊದಲ ಗೆರ್‌ನಲ್ಲಿ ತ್ಸೆರೆಂಖಂಡ್.
ಸಂಜೆಯಾದರೆ ಜ್ವರ, ನಸುಕಿಗೆ ಬೆವರು,
ಸೊಂಟವನ್ನು ಯಾರೋ ಕಳಚಿ
ತಪ್ಪಾಗಿ ಜೋಡಿಸಿದ ಹಾಗೆ ನೋವು.
ಉಲಾನ್‌ಬಾತರ್‌ನವರು ಮೊದಲು ಕ್ಷಯವೆಂದರು, ಆಮೇಲೆ ವಾತ,
ಆಮೇಲೆ ವಯಸ್ಸು.
ಎದೆಗೆ ಕಿವಿಗೊಡುವ ಮೊದಲು ಅವಳ ಕೈ ನೋಡಿದೆ.
ಈ ಸಲ ಎಷ್ಟು ಮರಿ ಎಳೆದೆ, ಅಕ್ಕ?
"ನಲವತ್ತರವರೆಗೆ ಎಣಿಸಿದೆ, ಆಮೇಲೆ ಬಿಟ್ಟೆ."
ಕಂದು ಹಾಕಿದವು?
"ಒಂಬತ್ತು."
ಕೈಗವಸು?
ಅವಳು ನಕ್ಕಳು.
ರಕ್ತ ತೆಗೆದು ಸೀಸೆಗೆ ಹೆಸರು ಅಂಟಿಸಿದೆ.
ಗೊತ್ತಿತ್ತು. ಆದರೂ ಪ್ರಯೋಗಾಲಯ ಹೇಳುವವರೆಗೆ
ಗೊತ್ತು ಎನ್ನಬಾರದೆಂದು ಕಲಿತಿದ್ದೇನೆ,
ಒಮ್ಮೆ ಬೇಗ ಹೇಳಿ,
ಒಬ್ಬರನ್ನು ಮಣ್ಣು ಮಾಡಿ.

ದಂಬಾ ಹೊರಗೆ ನೀರು ಕುಡಿಯುತ್ತಿದ್ದ.

ಎರಡನೆಯದರಲ್ಲಿ ಮೂವರಿಗೂ ಬೆಳಗಿನ ತಲೆನೋವು, ವಾಂತಿ.
ಅಜ್ಜನಿಗೆ ಮಾತ್ರ ಇಲ್ಲ.
ಅಜ್ಜ ರಾತ್ರಿಯೆಲ್ಲ ಹೊರಗೆ ಮಂದೆ ಕಾಯುತ್ತಾನಂತೆ.
ರೋಗ ಇವರಿಗಲ್ಲ, ಒಲೆಗೆ:
ಹೊಗೆಕೊಳವೆ ಬಿರಿದಿದೆ.
ಔಷಧಿ ಚೀಟಿಯಲ್ಲಿ ಬರೆದೆ: ತಗಡು, ತಂತಿ, ಮಣ್ಣು.
ದಂಬಾನೇ ಹತ್ತಿ ಬಿಗಿದುಕೊಟ್ಟ.
ಇಳಿದವನೇ ಒಂದು ಬೋಗುಣಿ ನೀರು ಕೇಳಿದ,
ಮತ್ತೊಂದು ಕೇಳಿದ.

ಮುದುಕ ಲುವ್ಸಾನ್‌ನ ರಕ್ತದೊತ್ತಡ ಇನ್ನೂರ ಹತ್ತು.
ಮಾತ್ರೆ ತೋರಿಸು ಎಂದೆ.
ಪೆಟ್ಟಿಗೆಯ ತಳದಿಂದ ತೆಗೆದ,
ನೀಲಿ ರೇಷ್ಮೆಯಲ್ಲಿ ಸುತ್ತಿದ್ದು, ಒಂದೂ ಕಡಿಮೆಯಾಗದ್ದು.
"ತೀರಾ ಕೆಟ್ಟ ದಿನಕ್ಕೆಂದು ಇಟ್ಟಿದ್ದೇನೆ."
ಅರ್ಧ ಗಂಟೆ ವಾದವಾಯಿತು.
ಚಹಾದ ಉಪ್ಪನ್ನು ಹಿಡಿಯಿಂದ ಚಿಟಿಕೆಗೆ ಇಳಿಸಲು
ಅವನು ಒಪ್ಪಿದ. ಹೆಂಡತಿ ಒಪ್ಪಲಿಲ್ಲ.
ಇರಲಿ, ಮುಂದಿನ ತಿಂಗಳು ಮತ್ತೆ ಬಂದು ಕೂರುತ್ತೇನೆ.

ದಾರಿಯಲ್ಲಿ ದಂಬಾ ನಾಲ್ಕು ಸಲ ಗಾಡಿ ನಿಲ್ಲಿಸಿ ಇಳಿದ.
ಮೂರನೆಯ ಸಲ ನಾನೇ ತಮಾಷೆ ಮಾಡಿದೆ:
ನಿನ್ನೊಳಗೊಂದು ಹೊಳೆ ಹುಟ್ಟಿದೆ, ನಕ್ಷೆಗೆ ಸೇರಿಸೋಣ.
ಅವನೂ ನಕ್ಕ.
ಅವನ ಸೊಂಟಪಟ್ಟಿಗೆ ಹೊಸದಾಗಿ ಕೊರೆದ ತೂತು
ಕಣ್ಣಿಗೆ ಬಿದ್ದಿತ್ತು.
ಬಿದ್ದದ್ದು ಹಾಗೇ ಉರುಳಿಹೋಗಿತ್ತು.

ಕೊನೆಯ ಗೆರ್‌ನಲ್ಲಿ ಮಗುವಿನ ಕಿವಿ ನೋಡಿ ಹೊರಬಂದರೆ
ಆ ಮನೆಯ ಕರಿನಾಯಿ
ದಂಬಾ ನಿಂತು ಬಂದಿದ್ದ ಜಾಗದ ಹಿಮ ನೆಕ್ಕುತ್ತಿತ್ತು.
ಹಬ್ಬದ ತಟ್ಟೆ ಸಿಕ್ಕಂತೆ,
ಹಳದಿ ಹೊಂಡ ನೆಲ ಮುಟ್ಟುವ ತನಕ.
ಮನೆಯವ ಗದರಿ ಕಲ್ಲೆತ್ತಿಕೊಂಡ.
ಬಿಡು, ಎಂದೆ,
ಅದು ಪರೀಕ್ಷೆ ಮಾಡುತ್ತಿದೆ.

ಸಿಹಿಮೂತ್ರ ಎಂದು ಎಷ್ಟು ಸಲ ಬರೆದಿಲ್ಲ ನಾನು!
ಸಿಹಿ ಎಂಬುದು ಯಾವುದೋ ಒಂದು ನಾಲಿಗೆಗೆ
ಮೊದಲು ತಿಳಿದದ್ದೆಂದು ಯೋಚಿಸಿಯೇ ಇರಲಿಲ್ಲ.

ಚೀಲದೊಳಗಿನ ಯಂತ್ರ ಚಳಿಗೆ ಸತ್ತಿತ್ತು.
ಕಂಕುಳಲ್ಲಿಟ್ಟು ಎಬ್ಬಿಸಿದೆ.
ಬೆರಳು ಕೊಡು, ದಂಬಾ.
ಅಳುವ ಮಕ್ಕಳ ಬೆರಳನ್ನೆಲ್ಲ ನನಗೆ ಹಿಡಿದುಕೊಟ್ಟವನು
ಕೈ ಬೆನ್ನ ಹಿಂದೆ ಇಟ್ಟುಕೊಂಡ.
ಆಮೇಲೆ ಕಣ್ಣು ಮುಚ್ಚಿ ಚಾಚಿದ.
ಯಂತ್ರ ಅಂಕಿ ತೋರಿಸಲಿಲ್ಲ,
ಮಿತಿ ಮೀರಿದೆ ಎಂದಷ್ಟೇ ಹೇಳಿತು.
ಬಾಗಿ ಅವನ ಉಸಿರು ಮೂಸಿದೆ:
ಪೆಟ್ಟಿಗೆಯ ತಳದಲ್ಲಿ ಮರೆತ ಸೇಬು.

ಸಲೈನ್ ಬಾಟಲಿಯನ್ನು ಕನ್ನಡಿಯ ಕೊಂಡಿಗೆ ನೇತುಹಾಕಿ
ಸ್ಟೇರಿಂಗ್ ನಾನು ಹಿಡಿದೆ. ಎರಡನೇ ಗೇರು ದಾಟಲಿಲ್ಲ.
"ಎಡಕ್ಕೆ, ಡಾಕ್ಟರ್, ಅಲ್ಲಿ ಮಂಜಿನ ಕೆಳಗೆ ನೀರಿದೆ,"
ಎನ್ನುತ್ತಿದ್ದ, ಬರಬರುತ್ತಾ ಮೆಲ್ಲಗೆ.
ಗಾಡಿಯ ದೀಪ ಅರ್ಧ ಮೈಲಿಯ ಹಿಮ ತೋರಿಸುತ್ತಿತ್ತು.
ಪಕ್ಕದಲ್ಲಿ ಕೂತವನ ಮುಖ ಕಾಣುತ್ತಿರಲಿಲ್ಲ.

ಆಸ್ಪತ್ರೆಯಂಗಳದಲ್ಲಿ ನಾಯಿಗಳು ಮುತ್ತಿದವು.
ದಂಬಾ ಬಾಯಿ ತೆರೆದ. ಒಣನಾಲಿಗೆ ಏಳಲಿಲ್ಲ.
ನಾನೇ ಕೂಗಿದೆ.
ಯಾರು? ಒಳಗಿನಿಂದ ನರ್ಸ್ ಕೇಳಿದಳು.
ರೋಗಿ, ಎಂದೆ.
ಅವಳು ಪುಸ್ತಕ ಬಿಡಿಸಿದಳು.
ಹೆಸರು? ತಂದೆಯ ಹೆಸರು? ವಯಸ್ಸು?

ಹನ್ನೊಂದು ವರ್ಷ ಪಕ್ಕದಲ್ಲಿ ಕೂತವಳು
ತಿರುಗಿ ಅವನನ್ನೇ ಕೇಳಿದೆ.